ಹಾಜರಿ ಪಟ್ಟಿಯ ಒಳಗೂ ಹೊರಗೂ: ಬರ್ಮಾ–ಸಯಾಮ್ ರೈಲುದಾರಿಯ ಸಾವುಗಳು

1943ರ ಅಕ್ಟೋಬರ್ 17ರಂದು ಥಾಯ್ಲೆಂಡಿನ ಕೊಂಕೊಯ್ಟಾ ಎಂಬಲ್ಲಿ ಎರಡು ದಿಕ್ಕಿನಿಂದ ಬಂದ ರೈಲುಹಳಿಗಳು ಕೂಡಿದವು. ಒಂದು ತುದಿ ಥಾಯ್ಲೆಂಡಿನ ನೊಂಗ್ ಪ್ಲಾಡುಕ್, ಇನ್ನೊಂದು ಬರ್ಮಾದ ಥಾನ್‌ಬ್ಯುಜಾಯತ್. ನಡುವಿನ 415 ಕಿಲೋಮೀಟರಿನಲ್ಲಿ ದಟ್ಟ ಕಾಡು, ಕಡಿದಾದ ನದಿದಂಡೆ, ಬಂಡೆ ಸೀಳಿ ಮಾಡಿದ ಕಣಿವೆಗಳು, ಆರು ನೂರಕ್ಕೂ ಹೆಚ್ಚು ಸೇತುವೆಗಳು. ಇಷ್ಟನ್ನೂ ಜಪಾನಿ ಸೈನ್ಯ ಒಂದೂಕಾಲು ವರ್ಷದ ಆಸುಪಾಸಿನಲ್ಲಿ, ಬಹುಪಾಲು ಸುತ್ತಿಗೆ, ಉಳಿ, ಗುದ್ದಲಿ, ಬುಟ್ಟಿಗಳಿಂದಲೇ ಮಾಡಿಸಿತು. ಇದಕ್ಕಾಗಿ ದುಡಿದ ಯುದ್ಧಕೈದಿಗಳು ಸುಮಾರು 61,000: ಬ್ರಿಟಿಷರು, ಆಸ್ಟ್ರೇಲಿಯನ್ನರು, ಡಚ್ಚರು, ಏಳುನೂರರಷ್ಟು ಅಮೆರಿಕನ್ನರು. ಇವರಲ್ಲಿ 12,000ಕ್ಕೂ ಹೆಚ್ಚು ಮಂದಿ ಸತ್ತರು, ಅಂದರೆ ಐವರಲ್ಲಿ ಒಬ್ಬರು. ಅದೇ ದಾರಿಯಲ್ಲಿ ದುಡಿದ ಏಷ್ಯಾದ ಕೂಲಿಗಳು, ಅಂದರೆ ಬರ್ಮೀಯರು, ಮಲಯದ ರಬ್ಬರ್ ತೋಟಗಳ ತಮಿಳರು, ಜಾವಾದವರು, ಚೀನೀಯರು, ಎರಡು ಲಕ್ಷಕ್ಕಿಂತ ಹೆಚ್ಚು. ಅವರಲ್ಲಿ ಸತ್ತವರ ಅಂದಾಜು 70,000ದಿಂದ 1,00,000ದವರೆಗೆ ಹರಡಿಕೊಂಡಿದೆ. ಕಡಿಮೆಯ ಅಂದಾಜನ್ನೇ ಹಿಡಿದರೂ ಮೂವರಲ್ಲಿ ಒಬ್ಬರು. ಕಾಡು ಒಂದೇ, ಮಳೆ ಒಂದೇ, ಕಾಲರಾ ಒಂದೇ, ಮೇಲೆ ನಿಂತ ಎಂಜಿನಿಯರುಗಳೂ ಒಂದೇ ಪಡೆಯವರು. ಹಾಗಿದ್ದೂ ಸಾವು ಇಬ್ಬರನ್ನು ಬೇರೆ ಬೇರೆ ಅಳತೆಯಲ್ಲಿ ಅಳೆದದ್ದು ಏಕೆ? ಕೈದಿಗಳ ಬಳಿ ತಮ್ಮದೇ ಆದ ಒಂದು ಆಡಳಿತ ಉಳಿದಿತ್ತು, ತಮ್ಮವರ ಹೆಸರು ಬರೆದಿಟ್ಟುಕೊಂಡು ಅವರಿಗಾಗಿ ಜವಾಬು ಕೇಳುವ ಮೇಲಿನವರಿದ್ದರು. ಕೂಲಿಗಳ ಬಳಿ ಅದಿರಲಿಲ್ಲ. ಕಾಡಿಗಿಂತ, ಕಾವಲುಗಾರನ ಬಿದಿರುಕೋಲಿಗಿಂತ ಹೆಚ್ಚಾಗಿ ಈ ವ್ಯತ್ಯಾಸವೇ ಯಾರು ಬದುಕಬೇಕೆಂಬುದನ್ನು ತೀರ್ಮಾನಿಸಿತು ಎಂದು ನನ್ನ ವಾದ.

ಮೊದಲು ಅವಸರದ ಕಥೆ. 1942ರ ಜೂನ್‌ನಲ್ಲಿ ಮಿಡ್‌ವೇಯಲ್ಲಿ ಸೋತ ಮೇಲೆ ಜಪಾನಿನ ನೌಕಾಬಲ ಕುಗ್ಗಿತು. ಬರ್ಮಾದಲ್ಲಿದ್ದ ಸೈನ್ಯಕ್ಕೆ ಸಾಮಾನು ಹೋಗಬೇಕಾದರೆ ಮಲಕ್ಕಾ ಜಲಸಂಧಿಯನ್ನು ಬಳಸಿ ರಂಗೂನಿಗೆ ಹಡಗಿನಲ್ಲೇ ಹೋಗಬೇಕು. ಆ ದಾರಿಯಲ್ಲಿ ಮಿತ್ರರಾಷ್ಟ್ರಗಳ ಜಲಾಂತರ್ಗಾಮಿಗಳ ಕಾಟ. ಹೀಗಾಗಿ ನೆಲದ ದಾರಿ ಬೇಕಾಯಿತು. ದಿನಕ್ಕೆ 3,000 ಟನ್ ಸಾಗಿಸುವ ದಾರಿ 1943ರ ಕೊನೆಯೊಳಗೆ ಮುಗಿಯಬೇಕೆಂಬುದು ಮೊದಲ ಯೋಜನೆ. 1943ರ ಆರಂಭದಲ್ಲಿ ಆ ಗಡುವನ್ನು ಆಗಸ್ಟ್‌ಗೆ ಹಿಂದಕ್ಕೆ ಎಳೆಯಲಾಯಿತು, ಸಾಗಣೆಯ ಗುರಿಯನ್ನು ದಿನಕ್ಕೆ 1,000 ಟನ್ನಿಗೆ ಇಳಿಸಲಾಯಿತು. ಈ ಒಂದು ತಿದ್ದುಪಡಿಯ ಮೇಲೆ ಕಣ್ಣಿಡಬೇಕು. ಕಡಿಮೆ ಸಾಮರ್ಥ್ಯದ ದಾರಿಗಾಗಿ ಹೆಚ್ಚು ಅವಸರ. ಆ ಅವಸರವೂ ಮೇ ತಿಂಗಳಿನಿಂದ ಸುರಿಯುವ ಮುಂಗಾರಿನ ಹೊತ್ತಿಗೇ. ಕೈದಿಗಳು ಈ ಕಾಲವನ್ನು ಕಾವಲುಗಾರರ ಅರಚಾಟದಿಂದಲೇ ಹೆಸರಿಸಿದರು, ‘ಸ್ಪೀಡೋ’ ಎಂದು. ಒಬ್ಬೊಬ್ಬನೂ ಅಗೆಯಬೇಕಾದ ಮಣ್ಣಿನ ಘನ ಅಳತೆ ಏರುತ್ತ ಹೋಯಿತು. ಹಗಲಿನ ಕೆಲಸ ಪಂಜಿನ ಬೆಳಕಿನಲ್ಲಿ ರಾತ್ರಿಗೂ ಚಾಚಿತು. ಕೊನ್ಯೂ ಬಳಿ ಬಂಡೆ ಸೀಳಿದ ಜಾಗಕ್ಕೆ ‘ನರಕಾಗ್ನಿ ಕಣಿವೆ’ ಎಂಬ ಹೆಸರು ಬಂದದ್ದು ಆ ಪಂಜುಗಳಿಂದಲೇ. ಬೆಳಗ್ಗೆ ಎಂಜಿನಿಯರು ಇಂತಿಷ್ಟು ಆಳು ಬೇಕೆನ್ನುತ್ತಿದ್ದ. ಶಿಬಿರದಲ್ಲಿ ನೆಟ್ಟಗೆ ನಿಲ್ಲಬಲ್ಲವರು ಅಷ್ಟು ಇಲ್ಲದಿದ್ದರೆ ರೋಗಿಗಳನ್ನು ಎಬ್ಬಿಸಿ ಲೆಕ್ಕ ತುಂಬಿಸುತ್ತಿದ್ದರು. ರೋಗಿಗೆ ಪಡಿತರ ಕಡಿಮೆ. ಕೆಲಸ ಮಾಡದವನಿಗೆ ಪುಕ್ಕಟೆ ಊಟವಿಲ್ಲ ಎಂಬ ಧೋರಣೆಯನ್ನು ಪ್ರಧಾನಿ ತೋಜೊ ಹಿದೆಕಿಯೇ 1942ರ ಬೇಸಿಗೆಯಲ್ಲಿ ಶಿಬಿರಾಧಿಕಾರಿಗಳಿಗೆ ಸ್ಪಷ್ಟಪಡಿಸಿದ್ದ. ಕಾಯಿಲೆ ಬಿದ್ದವನಿಗೆ ಅನ್ನ ಕಡಿತ, ಅನ್ನ ಕಡಿಮೆಯಾದವನಿಗೆ ಇನ್ನಷ್ಟು ಕಾಯಿಲೆ: ಸಾಯಿಸುವ ಉದ್ದೇಶವೇ ಇಲ್ಲದೆ ಸಾವಿರಗಟ್ಟಲೆ ಜನರನ್ನು ಸಾಯಿಸಲು ಇಷ್ಟು ಸಾಕು.

ಇದನ್ನೆಲ್ಲ ಜಪಾನಿ ಸಂಸ್ಕೃತಿಯ ಲೆಕ್ಕಕ್ಕೆ ಬರೆದು ಕೈತೊಳೆದುಕೊಳ್ಳುವ ವಿವರಣೆ ಬಹಳ ಹಳೆಯದು. ಶರಣಾಗತನನ್ನು ಮನುಷ್ಯನೆಂದೇ ಎಣಿಸದ, ಬುಶಿದೊ ಎಂಬ ಯೋಧ ಪರಂಪರೆಯ ಫಲ ಇದು ಎನ್ನುತ್ತಾರೆ. ಈ ವಿವರಣೆ ಜಪಾನಿನ ಚರಿತ್ರೆಯ ಎದುರಿಗೇ ನಿಲ್ಲುವುದಿಲ್ಲ. 1904–05ರ ಯುದ್ಧದಲ್ಲಿ ಸೆರೆಸಿಕ್ಕ ಎಪ್ಪತ್ತು ಸಾವಿರಕ್ಕೂ ಹೆಚ್ಚು ರಷ್ಯನ್ನರನ್ನು ಮತ್ಸುಯಾಮಾ ಮೊದಲಾದ ಊರುಗಳಲ್ಲಿ ಎಷ್ಟು ಚೆನ್ನಾಗಿ ನೋಡಿಕೊಂಡರೆಂದರೆ ಜಗತ್ತು ಹೊಗಳಿತು. ಮೊದಲ ಮಹಾಯುದ್ಧದ ಜರ್ಮನ್ ಕೈದಿಗಳು ಬಾಂಡೊ ಶಿಬಿರದಲ್ಲಿ 1918ರ ಜೂನ್‌ನಲ್ಲಿ ಬೀಥೋವನ್‌ನ ಒಂಬತ್ತನೆಯ ಸಿಂಫನಿಯನ್ನು ನುಡಿಸಿದರು. ಅದೇ ಜನ, ಅದೇ ಪರಂಪರೆ. ಬದಲಾದದ್ದು ರಾಜಕೀಯ. ಸೆರೆಯಾಗುವುದು ಅವಮಾನ ಎಂದು ಸೈನಿಕರಿಗೆ ಕಟ್ಟುನಿಟ್ಟಾಗಿ ಹೇಳಿದ ರಣರಂಗದ ನೀತಿಸಂಹಿತೆ ಹೊರಬಿದ್ದದ್ದು 1941ರ ಜನವರಿಯಲ್ಲಿ; ಅದು ಪ್ರಾಚೀನ ಶಾಸ್ತ್ರವಲ್ಲ, ಆಗಿನ ಯುದ್ಧ ಮಂತ್ರಾಲಯದ ಕಡತ. 1929ರ ಜಿನೀವಾ ಒಪ್ಪಂದಕ್ಕೆ ಜಪಾನ್ ಸಹಿ ಹಾಕಿತ್ತು, ಅನುಮೋದಿಸಿರಲಿಲ್ಲ. ಯುದ್ಧ ಶುರುವಾದ ಮೇಲೆ, ಅಗತ್ಯ ಮಾರ್ಪಾಡುಗಳೊಂದಿಗೆ ಪಾಲಿಸುತ್ತೇವೆಂದು ಹೇಳಿ ಆ ಮಾರ್ಪಾಡಿನ ಬಾಗಿಲಿನಿಂದ ಒಪ್ಪಂದವನ್ನೇ ಹೊರಗೆ ಕಳಿಸಿತು. 1907ರ ಹೇಗ್ ನಿಯಮಗಳನ್ನಾದರೋ ಅದು ಅನುಮೋದಿಸಿತ್ತು. ಕೈದಿಗಳ ದುಡಿಮೆ ಅತಿಯಾಗಬಾರದು, ಅದಕ್ಕೆ ಯುದ್ಧ ಕಾರ್ಯಾಚರಣೆಯ ನಂಟಿರಬಾರದು, ಅಧಿಕಾರಿಗಳನ್ನು ದುಡಿಸಬಾರದು ಎಂದು ಅಲ್ಲಿ ಬರೆದಿತ್ತು. ಬರ್ಮಾ ರೈಲುದಾರಿ ಈ ಮೂರನ್ನೂ ಒಟ್ಟಿಗೆ ಮುರಿಯಿತು.

ಹಾಗಾದರೆ ಕಾಗದದ ಮೇಲಿನ ಕಾನೂನಿಗೆ ಬೆಲೆ ಬರುವುದು ಯಾವಾಗ? ಅದೇ ವರ್ಷಗಳಲ್ಲಿ ಉತ್ತರ ಆಫ್ರಿಕಾದಲ್ಲಿ ಸೆರೆಸಿಕ್ಕ ಇಟಾಲಿಯನ್ ಸೈನಿಕರ ಶಿಬಿರಗಳು ಬೆಂಗಳೂರಿನ ಸುತ್ತಮುತ್ತಲೂ ಇದ್ದವು. ಅಲ್ಲಿಯ ಬದುಕು ಸುಖದ್ದಲ್ಲದಿದ್ದರೂ ಸಾವಿನ ಕೂಪವಂತೂ ಆಗಿರಲಿಲ್ಲ. ಬ್ರಿಟಿಷರ ಧರ್ಮಬುದ್ಧಿಯನ್ನು ಇದಕ್ಕೆ ಕಾರಣವೆಂದು ಹೊಗಳಬೇಕಿಲ್ಲ. 1943ರ ಬಂಗಾಳದ ಕ್ಷಾಮವನ್ನು ನೆನೆದರೆ ಆ ಹೊಗಳಿಕೆ ಗಂಟಲಲ್ಲೇ ನಿಲ್ಲುತ್ತದೆ. ಎರಡೂ ದೇಶಗಳು ಒಪ್ಪಂದವನ್ನು ಅನುಮೋದಿಸಿದ್ದವು, ಎರಡರ ಕೈಯಲ್ಲೂ ಎದುರಾಳಿಯ ಮಕ್ಕಳಿದ್ದರು. ಇಲ್ಲಿ ಪಡಿತರ ಕಡಿದರೆ ಅಲ್ಲಿ ಕಡಿಯುತ್ತಾರೆಂಬ ಭಯ ಎರಡು ಕಡೆಗೂ ಇತ್ತು. ಜಪಾನಿಗೆ ಆ ಭಯ ಇರಲಿಲ್ಲ. ಸೆರೆಯಾದ ತನ್ನ ಸೈನಿಕ ಸತ್ತಂತೆಯೇ ಎಂದು ಸಾರಿದ ಸರ್ಕಾರವನ್ನು ಅವನ ಕ್ಷೇಮದ ಹೆಸರಿನಲ್ಲಿ ಹೆದರಿಸುವುದು ಯಾರಿಂದ ಸಾಧ್ಯ? ಆದ್ದರಿಂದ ರೈಲುದಾರಿಯ ಕೈದಿಗಳಿಗೆ ಹೊರಗಿನ ರಕ್ಷಣೆ ಇಲ್ಲವೆನ್ನುವಷ್ಟು ಕಡಿಮೆ. ಉಳಿದದ್ದು ಒಳಗಿನ ವ್ಯವಸ್ಥೆ.

ಆ ವ್ಯವಸ್ಥೆ ಏನು ಮಾಡಿತು ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು, ವಾದದ ತಿರುಳು ಅಲ್ಲಿದೆ. ಸೆರೆಯಾದ ಪಡೆಗಳು ಪಡೆಗಳಾಗಿಯೇ ಉಳಿದಿದ್ದವು. ಪ್ರತಿ ಶಿಬಿರದಲ್ಲೂ ಕೈದಿಗಳದೇ ಕಮಾಂಡರ್, ಅವರದೇ ವೈದ್ಯರು, ಅಡುಗೆಯವರು, ಹಾಜರಿ ಪುಸ್ತಕ ಹಿಡಿದ ಗುಮಾಸ್ತರು. ತಮರ್ಕಾನ್ ಸೇತುವೆ ಶಿಬಿರದಲ್ಲಿ ಬ್ರಿಟಿಷ್ ಕರ್ನಲ್ ಫಿಲಿಪ್ ಟೂಸಿ ಪ್ರತಿದಿನ ಜಪಾನಿಯರೊಂದಿಗೆ ಚೌಕಾಸಿಗಿಳಿಯುತ್ತಿದ್ದ. ಇಷ್ಟು ಜನ ಕಾಯಿಲೆಯವರು, ಇವರನ್ನು ಕಳಿಸಲಾರೆ, ಎಂದು. ಹಿಂಟೊಕ್‌ನಲ್ಲಿ ಆಸ್ಟ್ರೇಲಿಯನ್ ಶಸ್ತ್ರವೈದ್ಯ ಎಡ್ವರ್ಡ್ ಡನ್‌ಲಪ್, ಎಲ್ಲರ ಬಾಯಲ್ಲಿ ‘ವಿಯರಿ’, ರೋಗಿಗಳ ಮುಂದೆ ತಾನೇ ಅಡ್ಡ ನಿಂತು ಹೊಡೆತ ತಿಂದ. ಅಧಿಕಾರಿಗಳಿಗೆ ಜಪಾನಿಯರು ಕೊಡುತ್ತಿದ್ದ ಸಂಬಳದಿಂದ ಒಂದು ಪಾಲನ್ನು ವಂತಿಗೆಯಾಗಿ ಕಿತ್ತು ಆಸ್ಪತ್ರೆಯ ನಿಧಿಗೆ ಹಾಕಲಾಯಿತು. ಒಪ್ಪದೆ ಗೊಣಗಿದ ಅಧಿಕಾರಿಗಳೂ ಇದ್ದರು. ಆ ದುಡ್ಡಿನಲ್ಲಿ ಬಾತುಕೋಳಿ ಮೊಟ್ಟೆ ಬಂತು. ಬೆರಿಬೆರಿಯಿಂದ ಕಾಲು ಊದಿಕೊಂಡವನಿಗೆ ದಿನಕ್ಕೊಂದು ಮೊಟ್ಟೆ ಎಂದರೆ ಬದುಕೇ. ಕಾಂಚನಬುರಿಯ ಥಾಯ್ ವ್ಯಾಪಾರಿ ಬೂನ್ ಪೊಂಗ್ ಜೀವದ ಹಂಗು ತೊರೆದು ದೋಣಿಯಲ್ಲಿ ಔಷಧಿ ಸಾಗಿಸಿದ, ಉದ್ರಿಯನ್ನೂ ಕೊಟ್ಟ. ಉದ್ರಿ ಕೊಡಬೇಕಾದರೆ ಎದುರಿಗೆ ಸಾಲಕ್ಕೆ ನಿಲ್ಲುವ ಒಂದು ಆಡಳಿತ ಇರಬೇಕಲ್ಲವೇ? ಕೈದಿಗಳಲ್ಲಿ ಅದಿತ್ತು. ನೀರು ಕುದಿಸದೆ ಕುಡಿಯಬಾರದು, ತಟ್ಟೆಯನ್ನು ಕುದಿನೀರಿಗೆ ಅದ್ದಬೇಕು, ಶೌಚದ ಗುಂಡಿ ಅಡುಗೆಮನೆಯಿಂದ ದೂರ ಇರಬೇಕು: ಇಂಥ ಆಜ್ಞೆ ಹೊರಡಿಸುವವರೂ, ಪಾಲಿಸದವನಿಗೆ ಶಿಕ್ಷೆ ಕೊಡುವವರೂ ಇದ್ದರು. ಕಾಲರಾ ಮುತ್ತಿದಾಗ ನೀರನ್ನು ಬಟ್ಟಿಯಿಳಿಸಿ, ಉಪ್ಪು ಬೆರೆಸಿ, ಬಿದಿರಿನ ಕೊಳವೆಯಲ್ಲಿ ನರಕ್ಕೆ ಹರಿಸಿದ ವೈದ್ಯರ ಜಾಣ್ಮೆ ದೊಡ್ಡದು ನಿಜ. ಆದರೆ ಜಾಣ್ಮೆಗೆ ಸೌದೆ ಹೊತ್ತು ತರುವವರನ್ನು ನೇಮಿಸಿದ್ದು ಆ ಆಡಳಿತ.

ಇಲ್ಲಿ ಒಂದು ಗಟ್ಟಿ ಆಕ್ಷೇಪಕ್ಕೆ ಉತ್ತರ ಕೊಡಲೇಬೇಕು. ‘ಎಫ್ ಫೋರ್ಸ್’ ಎಂಬ ತಂಡಕ್ಕೂ ಅಧಿಕಾರಿಗಳಿದ್ದರು, ವೈದ್ಯರಿದ್ದರು, ಹಾಜರಿ ಪಟ್ಟಿ ಇತ್ತು. 1943ರ ಏಪ್ರಿಲ್‌ನಲ್ಲಿ ಸಿಂಗಪುರದ ಚಾಂಗಿಯಿಂದ ಹೊರಟ 7,000 ಮಂದಿಯಲ್ಲಿ 3,000ಕ್ಕೂ ಹೆಚ್ಚು ಜನ ಸತ್ತರು, ನೂರಕ್ಕೆ ನಲವತ್ತನಾಲ್ಕರಷ್ಟು. ಕೂಲಿಗಳ ಸಾವಿಗೆ ಇದು ಸರಿಸಮ. ಹಾಗಾದರೆ ಪಟ್ಟಿ ಏನು ಕಾಪಾಡಿತು? ಈ ತಂಡದ ಕಥೆಯನ್ನು ಬಿಡಿಸಿದರೆ ವಾದ ಬೀಳುವುದಿಲ್ಲ, ಇನ್ನಷ್ಟು ಮೊನಚಾಗುತ್ತದೆ. ಊಟ ಚೆನ್ನಾಗಿರುವ ಆರೋಗ್ಯಧಾಮಕ್ಕೆ ಹೋಗುತ್ತೀರಿ, ಬ್ಯಾಂಡಿನ ವಾದ್ಯಗಳನ್ನೂ ಒಯ್ಯಿರಿ ಎಂದು ಅವರಿಗೆ ಹೇಳಿದ್ದರು. ಆ ಮಾತು ನಂಬಿ ಮೂರರಲ್ಲೊಂದು ಪಾಲಿನಷ್ಟು ಕಾಯಿಲೆಯವರನ್ನೇ ಸೇರಿಸಿಕೊಂಡು ಹೊರಟರು. ಬಾನ್ ಪೊಂಗ್‌ನಲ್ಲಿ ರೈಲಿನಿಂದ ಇಳಿಸಿ ಸುಮಾರು 300 ಕಿಲೋಮೀಟರ್ ರಾತ್ರಿಯ ಹೊತ್ತು ನಡೆಸಿದರು. ದಾರಿಯಲ್ಲಿ ಕೂಲಿಗಳ ಶಿಬಿರಗಳ ಪಕ್ಕದಲ್ಲಿ ತಂಗಿದಾಗ ಕಾಲರಾ ಹತ್ತಿತು. ಎಲ್ಲಕ್ಕಿಂತ ಮುಖ್ಯ, ಥಾಯ್ಲೆಂಡಿನ ಉಳಿದ ಕೈದಿಗಳ ಹಾಗೆ ಇವರು ಅಲ್ಲಿಯ ಶಿಬಿರಾಡಳಿತಕ್ಕೆ ಸೇರಿರಲಿಲ್ಲ. ಕಾಗದದ ಮೇಲೆ ಇವರ ಹೊಣೆ ದೂರದ ಮಲಯ ಆಡಳಿತದ್ದು. ದುಡಿಸಿಕೊಳ್ಳುತ್ತಿದ್ದದ್ದು ಇಲ್ಲಿಯ ಎಂಜಿನಿಯರುಗಳು. ಅಕ್ಕಿ ಬರಬೇಕಾದ ದಾರಿ ಮಳೆಗೆ ಕೊಚ್ಚಿಹೋಗಿತ್ತು. ಕಮಾಂಡರ್ ದೂರು ಕೊಟ್ಟರೆ ಕೇಳಿಸಿಕೊಳ್ಳುವವನಿಗೆ ಅಧಿಕಾರವಿಲ್ಲ, ಅಧಿಕಾರವಿದ್ದವನು ಕೈಗೆಟುಕುವುದಿಲ್ಲ. ಹೆಸರು ಬರೆದಿಟ್ಟರೆ ಸಾಲದು, ಆ ಹೆಸರಿಗೆ ಅನ್ನ ಹಾಕುವವನನ್ನು ಹಿಡಿದು ಕೇಳುವ ದಾರಿಯೂ ಬೇಕು. ಇನ್ನೂ ಒಂದು ವಿವರ ಇಲ್ಲೇ ಇದೆ. ಇದೇ ತಂಡದೊಳಗೆ ಆಸ್ಟ್ರೇಲಿಯನ್ನರಲ್ಲಿ ಸತ್ತವರು ಮೂರರಲ್ಲೊಂದಕ್ಕಿಂತ ಕಡಿಮೆ, ಬ್ರಿಟಿಷರಲ್ಲಿ ಐದರಲ್ಲಿ ಮೂವರು. ಬ್ರಿಟಿಷರಲ್ಲಿ ಕಾಯಿಲೆಯವರು ಹೆಚ್ಚಿದ್ದರು, ಸೊಂಕ್ರಾಯ್‌ನಂಥ ಅತಿ ಕೆಟ್ಟ ಶಿಬಿರ ಅವರ ಪಾಲಿಗೆ ಬಂತು, ಇವೆಲ್ಲ ನಿಜ. ಆದರೂ ಒಂದೇ ಡಿವಿಜನ್ನಿನಿಂದ ಒಟ್ಟಾಗಿ ಬಂದು ಸ್ವಚ್ಛತೆಯ ಶಿಸ್ತನ್ನು ಬಿಗಿಯಾಗಿ ಹಿಡಿದ ಆಸ್ಟ್ರೇಲಿಯನ್ನರಿಗೂ, ಹಲವು ಪಡೆಗಳಿಂದ ಕೂಡಿಸಿ ಕಳಿಸಿದ ಬ್ರಿಟಿಷರಿಗೂ ಇದ್ದ ಅಂತರವನ್ನು ಅಲ್ಲಗಳೆಯುವಂತಿಲ್ಲ.

ಈಗ ಪಟ್ಟಿಯ ಹೊರಗಿನವರ ಕಡೆ ಬರೋಣ. ಮಲಯದಿಂದ ಎಪ್ಪತ್ತೈದು ಸಾವಿರದಷ್ಟು ಕೂಲಿಗಳು ರೈಲುದಾರಿಗೆ ಹೋದರು, ಬಹುಪಾಲು ತಮಿಳರು. ಯುರೋಪು, ಅಮೆರಿಕದ ಮಾರುಕಟ್ಟೆ ತಪ್ಪಿಹೋಗಿ ರಬ್ಬರ್ ತೋಟಗಳು ನಿಂತುಹೋಗಿದ್ದವು, ಅಕ್ಕಿ ದುಬಾರಿಯಾಗಿತ್ತು. ದಿನಕ್ಕೊಂದು ಡಾಲರ್ ಕೂಲಿ, ಮೂರು ತಿಂಗಳ ಕರಾರು, ಹೆಂಡತಿ ಮಕ್ಕಳನ್ನೂ ಕರೆದುಕೊಂಡು ಹೋಗಬಹುದು ಎಂಬ ಪ್ರಚಾರಕ್ಕೆ ಮೊದಮೊದಲು ಜನ ಬಂದರು. ಹೋದವರು ಹಿಂದಿರುಗಲಿಲ್ಲ, ಸುದ್ದಿ ಹಬ್ಬಿತು, ಬರುವವರು ನಿಂತರು. ಆಗ ತೋಟ ತೋಟಕ್ಕೆ ಇಂತಿಷ್ಟು ಆಳೆಂದು ನಿಗದಿಯಾಯಿತು, ದಾರಿಹೋಕರನ್ನು ಹಿಡಿದು ಲಾರಿಗೆ ತುಂಬುವುದೂ ನಡೆಯಿತು. ಬರ್ಮಾದಲ್ಲಿ ಇದೇ ಕೆಲಸಕ್ಕೆ ಬಾ ಮಾ ಅವರ ಆಡಳಿತದ ಸಹಕಾರದಲ್ಲಿ ‘ಬೆವರಿನ ಸೈನ್ಯ’ ಎಂಬ ದೇಶಭಕ್ತಿಯ ಹೆಸರು ಕೊಟ್ಟು ಹಳ್ಳಿಗಳಿಂದ ಜನರನ್ನು ಎತ್ತಲಾಯಿತು. ತೋಟದ ತಮಿಳನ ಹೆಸರು ಯಾವ ಪುಸ್ತಕದಲ್ಲೂ ಇರಲಿಲ್ಲವೆಂದಲ್ಲ. ಬ್ರಿಟಿಷರ ಕಾಲದಿಂದಲೂ ಕಂಗಾಣಿ ಎಂಬ ಮೇಸ್ತ್ರಿಯ ಕೆಳಗೆ, ತೋಟದ ದಫ್ತರಿನಲ್ಲಿ ಅವನ ಹೆಸರು ಇತ್ತು. ಆ ಪುಸ್ತಕ ಇದ್ದದ್ದು ಅವನಿಂದ ಕೆಲಸ ತೆಗೆಯುವುದಕ್ಕೆ. ಅವನ ಪರವಾಗಿ ಕೇಳಲು ಕ್ವಾಲಾಲಂಪುರದಲ್ಲಿ ಭಾರತ ಸರ್ಕಾರದ ಏಜೆಂಟ್ ಒಬ್ಬ ಇರುತ್ತಿದ್ದ. ಆ ಬಡ ಕೊಂಡಿಯೂ ಜಪಾನಿಯರು ಬಂದೊಡನೆ ಕಳಚಿತು. ದಫ್ತರು ಮಾತ್ರ ಉಳಿಯಿತು. ಯೂರೋಪಿಯನ್ ಮ್ಯಾನೇಜರುಗಳು ಸೆರೆಮನೆ ಸೇರಿದ ಮೇಲೆ ತೋಟದ ಗುಮಾಸ್ತರೇ ಅದನ್ನು ತೆರೆದು ಯಾರನ್ನು ಕಳಿಸಬೇಕೆಂದು ಗುರುತು ಹಾಕಿದರು. ಒಂದು ವಸಾಹತು ಬರೆದಿಟ್ಟ ಆಳಿನ ಲೆಕ್ಕ ಇನ್ನೊಂದಕ್ಕೆ ಸಿದ್ಧವಾಗಿ ಸಿಕ್ಕಿತ್ತು.

ರೈಲುದಾರಿಯ ಮೇಲೆ ಈ ಕೂಲಿಗಳಿಗೆ ತಮ್ಮ ವೈದ್ಯರಿಲ್ಲ, ಕಮಾಂಡರಿಲ್ಲ, ಒಟ್ಟು ಹಣ ಕೂಡಿಸುವ ಪದ್ಧತಿಯಿಲ್ಲ. ಒಂದೇ ಶಿಬಿರದಲ್ಲಿ ಬೇರೆ ಬೇರೆ ತೋಟದವರು, ಒಬ್ಬರ ಮಾತನ್ನು ಇನ್ನೊಬ್ಬರು ಕೇಳಬೇಕೆಂಬ ಕಟ್ಟುಪಾಡು ಇಲ್ಲದವರು. ಜೊತೆಗೆ ಹೆಂಗಸರು, ಮಕ್ಕಳು. ಕಾಲರಾ ಬಂದಾಗ ನೀರು ಕುದಿಸಿರೆಂದು ಹೇಳುವವರಿಲ್ಲ, ಕುದಿಸಲು ಪಾತ್ರೆಯಿಲ್ಲ. ಸಾವು ಎಲ್ಲೆ ಮೀರಿ, ಕೆಲಸವೇ ನಿಲ್ಲುವ ಹಾಗಾದಾಗ 1943ರ ನಡುಭಾಗದಲ್ಲಿ ಜಪಾನಿಯರು ಚಾಂಗಿಯಿಂದ ‘ಕೆ’ ಮತ್ತು ‘ಎಲ್’ ಎಂಬ ಎರಡು ವೈದ್ಯಕೀಯ ತಂಡಗಳನ್ನು ಕರೆಸಿದರು. ಎರಡು ಲಕ್ಷ ಕೂಲಿಗಳ ದಾರಿಗೆ ಕೈದಿಗಳಲ್ಲಿ ವೈದ್ಯಾಧಿಕಾರಿಗಳು ನಲವತ್ತೈದು, ಸಹಾಯಕರು ಮುನ್ನೂರು. ಮಲೇರಿಯಾಕ್ಕೂ ಗಾಯಕ್ಕೂ ಭೇದಿಗೂ ಸರಿಯಾದ ಔಷಧಿ ಕೊಡದೆ ಅವರನ್ನು ಅಲ್ಲಲ್ಲಿ ಚದುರಿಸಿ ಬಿಟ್ಟರು. ಕೂಲಿ ಆಸ್ಪತ್ರೆಗಳು ಎಂಬ ಜೋಪಡಿಗಳ ಒಳಗೆ ಏನಿತ್ತೆಂಬುದು ಇವತ್ತು ಗೊತ್ತಿರುವುದು ಬಹುಮಟ್ಟಿಗೆ ಈ ವೈದ್ಯರು ಬರೆದಿಟ್ಟದ್ದರಿಂದ. ಕೂಲಿಯ ಸಾವಿಗೆ ಸಾಕ್ಷಿ ಹೇಳಲಿಕ್ಕೂ ಪಟ್ಟಿಯ ಒಳಗಿನವನೇ ಬರಬೇಕಾಯಿತು.

ಕೂಲಿಗಳು ಸಂಬಳ ಪಡೆದ ಸ್ವತಂತ್ರರು, ಬೇಕೆಂದರೆ ಓಡಿಹೋಗಬಹುದಿತ್ತು, ಬಿಳಿಯ ಕೈದಿಗೆ ಆ ಅವಕಾಶವೂ ಇರಲಿಲ್ಲ ಎಂಬ ವಾದವಿದೆ. ಸಾವಿರಾರು ಜನ ಓಡಿದ್ದು ನಿಜ. ಸತ್ತವರ ಅಂದಾಜು ಮೂವತ್ತು ಸಾವಿರದ ಅಂತರದಲ್ಲಿ ಓಲಾಡುವುದಕ್ಕೆ ಇದೂ ಒಂದು ಕಾರಣ, ಓಡಿದವನು ಊರು ಮುಟ್ಟಿದನೋ ಕಾಡಿನಲ್ಲಿ ಬಿದ್ದನೋ ಬರೆದವರಿಲ್ಲ. ಮೂರು ತಿಂಗಳ ಕರಾರು ಮುಗಿದರೂ ಬಿಡದೆ ದುಡಿಸಿಕೊಂಡಾಗ ಆ ಸಂಬಳಕ್ಕೆ ಸ್ವಾತಂತ್ರ್ಯದ ಅರ್ಥ ಉಳಿಯುವುದಿಲ್ಲ. ಜಪಾನಿ, ಕೊರಿಯನ್ ಸಿಬ್ಬಂದಿಯೂ ಸುಮಾರು ಸಾವಿರ ಮಂದಿ ಸತ್ತರು, ಕಾಡು ಯಾರನ್ನೂ ಬಿಡಲಿಲ್ಲ ಎಂಬ ಮಾತನ್ನೂ ಒಪ್ಪೋಣ. ಅವರ ಸಾವಿನ ಪ್ರಮಾಣ ಕೈದಿಗಳದ್ದರ ಅರ್ಧಕ್ಕಿಂತ ಕಡಿಮೆ, ಕೂಲಿಗಳದ್ದಕ್ಕೆ ಹೋಲಿಸಿದರೆ ಇನ್ನೂ ಕೆಳಗೆ. ಅನ್ನ, ಔಷಧಿ, ಆಡಳಿತ ಈ ಮೂರು ಕಡಿಮೆಯಾದ ಕಡೆಗೆಲ್ಲ ಸಾವು ಏರುತ್ತ ಹೋಗಿರುವುದು ಈ ಮೂರು ಗುಂಪುಗಳನ್ನು ಪಕ್ಕಪಕ್ಕ ಇಟ್ಟರೆ ಕಣ್ಣಿಗೆ ಹೊಡೆಯುತ್ತದೆ. ಇನ್ನು ಕಾವಲಿನ ಕೊರಿಯನ್ನರು, ತಾವೂ ವಸಾಹತಿನಿಂದ ಎತ್ತಿ ತಂದವರೇ. ಜಪಾನಿ ಸಾರ್ಜೆಂಟನಿಂದ ಕೆನ್ನೆಗೆ ತಿಂದದ್ದನ್ನು ಕೈದಿಗೆ ದಾಟಿಸುತ್ತಿದ್ದರು.

ಭಾರತೀಯ ಓದುಗರಿಗೆ ಅಹಿತವಾದ ಒಂದು ಸಂಗತಿಯೂ ಇಲ್ಲಿದೆ. 1942ರ ಫೆಬ್ರುವರಿ 15ರಂದು ಸಿಂಗಪುರ ಬಿದ್ದಾಗ ಶರಣಾದವರಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಭಾರತೀಯ ಸೈನಿಕರು; ಮೈಸೂರು ಸಂಸ್ಥಾನದ ಇನ್‌ಫೆಂಟ್ರಿ ಪಡೆಯೂ ಅವರಲ್ಲಿತ್ತು. ಜಪಾನಿಗೆ ಇವರಿಂದ ರಾಜಕೀಯ ಪ್ರಯೋಜನವಿತ್ತಾದ್ದರಿಂದ ರೈಲುದಾರಿಗೆ ತಳ್ಳಲಿಲ್ಲ. ಆಜಾದ್ ಹಿಂದ್ ಫೌಜ್ ಸೇರಲು ಒಪ್ಪದ ಅನೇಕರನ್ನು ನ್ಯೂಗಿನಿಯಂಥ ಕಡೆ ದುಡಿಮೆಗೆ ಸಾಗಿಸಿದರು, ಅಲ್ಲಿಂದ ಬಹಳ ಜನ ಬರಲಿಲ್ಲ. ಹಳಿ ಕೂಡಿದ ನಾಲ್ಕನೆಯ ದಿನ, 1943ರ ಅಕ್ಟೋಬರ್ 21ರಂದು, ಸುಭಾಷ್‌ಚಂದ್ರ ಬೋಸ್ ಸಿಂಗಪುರದಲ್ಲಿ ಸ್ವತಂತ್ರ ಭಾರತದ ತಾತ್ಕಾಲಿಕ ಸರ್ಕಾರ ಘೋಷಿಸಿದರು. ತೋಟದ ಯುವಕರು ಫೌಜ್ ಸೇರಿದ್ದರಲ್ಲಿ ದೇಶಪ್ರೇಮದ ಜೊತೆಗೆ ರೈಲುದಾರಿಯಿಂದ ತಪ್ಪಿಸಿಕೊಳ್ಳುವ ಲೆಕ್ಕವೂ ಇತ್ತು. ಸಮವಸ್ತ್ರ ತೊಟ್ಟವನ ಹೆಸರು ಒಂದು ಪಟ್ಟಿಗೆ ಸೇರುತ್ತಿತ್ತು, ಅವನನ್ನು ಕೇಳುವ ಸರ್ಕಾರ ಎಂಬುದೊಂದು ಹುಟ್ಟಿತ್ತು. ಮುಂದೆ ಅದೇ ಫೌಜಿನ ಸೈನಿಕರು ಇಂಫಾಲದ ಕಡೆ ಹೊರಟಾಗ, ಅವರದೇ ಅಣ್ಣತಮ್ಮಂದಿರು ಹಾಸಿದ ಹಳಿಯ ಮೇಲೆ ಬರ್ಮಾಕ್ಕೆ ಸಾಗಿದರು. ಇದನ್ನು ಬೋಸರ ಮೇಲಿನ ಆರೋಪಪಟ್ಟಿಯಾಗಿ ಬರೆಯುತ್ತಿಲ್ಲ. ಆದರೆ ಫೌಜಿನ ಗಾಥೆ ಹೇಳುವಾಗ ನಾವು ಈ ಹಳಿಯನ್ನು ದಾಟಿ ಹೋಗುವ ರೂಢಿ ಮಾಡಿಕೊಂಡಿದ್ದೇವೆ.

ಯುದ್ಧ ಮುಗಿದ ಮೇಲೆ ಪಟ್ಟಿಯ ಕೆಲಸ ಇನ್ನೂ ಎದ್ದು ಕಂಡಿತು. ಸತ್ತ ಕೈದಿಗಳ ಹೆಸರು, ಸತ್ತ ದಿನ, ಹೂಳಿದ ಜಾಗವನ್ನು ಗೆಳೆಯರು ಕದ್ದು ಬರೆದು, ಡಬ್ಬಿಯಲ್ಲಿಟ್ಟು ಹೂತು ಕಾಪಾಡಿದ್ದರು. ಅದರ ಸಹಾಯದಿಂದ ದಾರಿಯುದ್ದಕ್ಕೂ ಹರಡಿದ್ದ ಸಮಾಧಿಗಳನ್ನು ಹುಡುಕಿ ಕಾಂಚನಬುರಿ, ಚುಂಕಾಯ್, ಥಾನ್‌ಬ್ಯುಜಾಯತ್ ಎಂಬ ಮೂರು ರುದ್ರಭೂಮಿಗಳಿಗೆ ತಂದರು. ಕಾಂಚನಬುರಿಯೊಂದರಲ್ಲೇ ಏಳು ಸಾವಿರದ ಹತ್ತಿರ. ಕೂಲಿಗಳಿಗೆ ಅಂಥ ಒಂದೇ ಒಂದು ರುದ್ರಭೂಮಿ ಇಲ್ಲ. 1990ರಲ್ಲಿ ಕಾಂಚನಬುರಿಯಲ್ಲಿ ನೆಲ ಅಗೆದಾಗ ನೂರಾರು ಜನರ ಮೂಳೆಗಳು ಒಂದೇ ಗುಂಡಿಯಲ್ಲಿ ಸಿಕ್ಕವು. ರೈಲುದಾರಿಯ ಅಪರಾಧಗಳಿಗಾಗಿ ನೂರಕ್ಕೂ ಹೆಚ್ಚು ಜಪಾನಿ, ಕೊರಿಯನ್ ಸಿಬ್ಬಂದಿಯ ವಿಚಾರಣೆ ನಡೆಯಿತು. 1946ರ ಕೊನೆಗೆ ಸಿಂಗಪುರದಲ್ಲಿ ರೈಲುದಾರಿಯ ಮುಖ್ಯಸ್ಥ ಜನರಲ್ ಇಶಿದಾ ಎಯ್ಗುಮಾಗೆ ಹತ್ತು ವರ್ಷ ಸೆರೆ, ಕೈದಿ ಶಿಬಿರಗಳ ಮುಖ್ಯಸ್ಥ ಕರ್ನಲ್ ನಕಾಮುರಾ ಶಿಗೆಯೊಗೆ ಮರಣದಂಡನೆ ಆಯಿತು. ಗಡುವಿಗೆ ಕೆಲಸ ಮಾಡಿಸಿದವನಿಗಿಂತ ಆ ಕೆಲಸಕ್ಕೆ ಆಳು ಒದಗಿಸಿದವನಿಗೆ ಹೆಚ್ಚು ಶಿಕ್ಷೆ. ನನಗೆ ಇದು ತಲೆಕೆಳಗಾದ ನ್ಯಾಯವೆಂದೇ ತೋರುತ್ತದೆ. ಮುಖ್ಯ ಮೊಕದ್ದಮೆಗಳ ಸಾಕ್ಷ್ಯ ಬಹುಪಾಲು ಕೈದಿಗಳ ದಿನಚರಿ, ಕೈದಿಗಳ ಹೇಳಿಕೆ. 1957ರ ಡೇವಿಡ್ ಲೀನ್ ಸಿನಿಮಾ ಈ ದಾರಿಯನ್ನು ಲೋಕಪ್ರಸಿದ್ಧ ಮಾಡಿದಾಗ ಅಲ್ಲಿಯ ನಾಟಕವೂ ಬ್ರಿಟಿಷ್ ಕರ್ನಲ್ ಮತ್ತು ಜಪಾನಿ ಕರ್ನಲ್‌ರ ನಡುವಿನದೇ ಆಯಿತು.

ಥಾಯ್ಲೆಂಡಿನೊಳಗಿನ ದಾರಿಯನ್ನು ಬ್ರಿಟಿಷರು ಥಾಯ್ ಸರ್ಕಾರಕ್ಕೆ 12.5 ಲಕ್ಷ ಪೌಂಡಿಗೆ ಮಾರಿದರು. ಮಲಯದ ಪೂರ್ವ ಕರಾವಳಿಯ ರೈಲುದಾರಿಯಿಂದಲೂ ಬರ್ಮಾ, ಜಾವಾಗಳಿಂದಲೂ ಜಪಾನಿಯರು ಕಿತ್ತು ತಂದಿದ್ದ ಹಳಿ, ಡಬ್ಬಿ, ಎಂಜಿನ್‌ಗಳ ನಷ್ಟವನ್ನು ಆಯಾ ರೈಲ್ವೆಗಳಿಗೆ ತುಂಬಿಕೊಡಬೇಕೆಂಬುದು ಆ ಹಣದ ಹಿಂದಿನ ಲೆಕ್ಕ. ರೈಲ್ವೆ ಇಲಾಖೆಗಳ ಬಳಿ ಕಳೆದ ಹಳಿಯ ಉದ್ದಕ್ಕೆ ದಾಖಲೆ ಇತ್ತು. ಬ್ರಿಟನ್ನಿನ ಬದುಕುಳಿದ ಕೈದಿಗಳಿಗೆ 1950ರ ದಶಕದಲ್ಲಿ ಎಪ್ಪತ್ತಾರು ಪೌಂಡಿನಷ್ಟು, ಮತ್ತೆ 2000ದಲ್ಲಿ ಅವರ ಸರ್ಕಾರ ಘೋಷಿಸಿದ ಹತ್ತು ಸಾವಿರ ಪೌಂಡ್ ದೊರೆಯಿತು. ಎರಡಕ್ಕೂ ಆಧಾರ ಸೈನ್ಯದ ಹಾಜರಿ ಪಟ್ಟಿ. ಬದುಕಿ ಬಂದ ತಮಿಳು ಕೂಲಿಗಳು ಹಿಂದಿನ ತೋಟಗಳಿಗೇ ಹೋಗಿ ರಬ್ಬರ್ ಹಾಲು ಇಳಿಸುವ ಕೆಲಸಕ್ಕೆ ನಿಂತರು. ಆಗ ಮಲಯದ ರಬ್ಬರಿಗೆ ಲಂಡನ್ನಿನಲ್ಲಿ ಮತ್ತೆ ಬೇಡಿಕೆ ಬಂದಿತ್ತು, ತೋಟದ ದಫ್ತರುಗಳಲ್ಲಿ ಅವರ ಹೆಸರುಗಳನ್ನು ಹೊಸದಾಗಿ ಬರೆದುಕೊಂಡರು.